ಬೆಳಕು ಓಡದ ಗಾಜು

"ಗಾಜು ಮಾಡು ಅಂದ್ರೆ ಬತ್ತಿದ ಕೆರೆ ಮಾಡಿಟ್ಟಿದ್ದೀಯಲ್ಲೋ, ದಂಡಪಿಂಡ."

ಲ್ಯಾಬಿನೆದುರು ಲಿಫ್ಟಿಗೆ ಕಾಯುತ್ತಿದ್ದವರೆಲ್ಲ ಕೇಳುವ ಹಾಗೆ ಮೇಷ್ಟ್ರು ಬೈದರು. ಖಾಲಿ ಗ್ಯಾಸ್ ಸಿಲಿಂಡರು ವಾಪಸು ಒಯ್ಯಲು ಬಂದ ನಾನೂ ಅಲ್ಲೇ ನಿಂತಿದ್ದೆ. ಶಿಷ್ಯನ ಅಂಗೈಯಲ್ಲಿ ಗುಲಾಬಿ ಬಣ್ಣ ಬೆರೆಸಿದ ತೆಳು ಗಾಜಿನ ಪಟ್ಟಿ. ಮೈತುಂಬ ಬಿರುಕು.

"ನಿನ್ನೆವರೆಗೂ ಒಂದು ಗೆರೆಯೂ ಇರಲಿಲ್ಲ ಸರ್."

"ಮತ್ತೆ ದೆವ್ವ ಬಂದು ಗೀಚಿತಾ?"

"ಲೋಳೆಯಂಥ ಜೆಲ್ಲು ಮುಚ್ಚಳದ ಕೆಳಗೆ ನಿಧಾನಕ್ಕೆ ಒಣಗಿ ಗಾಜಾಗಬೇಕು. ಗಾಳಿ ತಾಗಿದ್ರೆ ಸೀಳುತ್ತೆ."

"ಒಲೆಗಿಟ್ಟು ಬೇಗ ಒಣಗಿಸಬೇಕಿತ್ತು."

"ಒಳಗಿನ ಬಣ್ಣ ಸುಟ್ಟುಹೋಗುತ್ತೆ ಸರ್. ಆಮೇಲೆ ಹೊಳೆಯೋದೇ ಇಲ್ಲ."

"ಈಗೇನು ಹೊಳೀತಿದೆಯಾ? ಬೆಳಕು ಈ ತುದಿಯಿಂದ ಆ ತುದಿಗೆ ಓಡಬೇಕು. ಇದರಲ್ಲಿ ಕುಂಟೋಕೂ ಆಗಲ್ಲ. ಮಧ್ಯಾಹ್ನ ಪಿಎಚ್‌ಡಿ ಕಮಿಟಿಗೆ ಏನು ತೋರಿಸ್ತೀಯ, ನಿನ್ನ ಮುಖಾನಾ?"

"ತೋರಿಸದಿದ್ರೆ ನನ್ನನ್ನ ತೆಗೆದುಹಾಕ್ತಾರೆ. ಕೈಮುಗೀತೀನಿ, ನೀವೊಂದು ಮಾತು ಹೇಳಿ ಸರ್."

"ಏನಂತ?"

"ನಿನ್ನೆ ಅತಿಥಿಗಳಿಗೆ ತೋರಿಸೋಕೆ ಮುಚ್ಚಳ ತೆಗೆದದ್ದು ನೀವು ಅಂತ. ಬೇಡ ಅಂದೆ. ನೀವು ನಕ್ಕುಬಿಟ್ರಿ."

ಲಿಫ್ಟು ಬಂತು. ಯಾರೂ ಹತ್ತಲಿಲ್ಲ. ಸಿಲಿಂಡರನ್ನು ಮೇಷ್ಟ್ರ ಕಾಲ ಮೇಲೆ ಬಿಡಬೇಕು ಅನ್ನಿಸಿತು ನನಗೆ.

ಮೇಷ್ಟ್ರ ದನಿ ಇಳಿಯಿತು. "ನೋಡಪ್ಪಾ, ಲ್ಯಾಬೂ ಮನೆ ಇದ್ದ ಹಾಗೆ, ಮನೆ ಅಂದ್ಮೇಲೆ ಮಾತು ಬರುತ್ತೆ, ಹೋಗುತ್ತೆ. ನಿಂದೇ ತಪ್ಪು ಅಂತ ಅವರ ಮುಂದೆ ಒಪ್ಕೊ. ಮುಂದಿಂದು ನಾನು ನೋಡ್ಕೋತೀನಿ. ನಾಳೆಯಿಂದ ಹೊಸದಾಗಿ ಶುರುಮಾಡು. ಮಾಡ್ತೀಯ ತಾನೆ?"

ಶಿಷ್ಯ ಆ ಪಟ್ಟಿಯನ್ನು ಮೇಷ್ಟ್ರ ಕೈಗಿಟ್ಟ. ಅವರ ಬೆರಳು ತಾಗಿದ್ದೇ ತಡ, ಒಂದು ಚೂರು ಉದುರಿತು. ಅವನು ತಿರುಗಿ ನೋಡಲಿಲ್ಲ. ಮೆಟ್ಟಿಲಿಳಿದು ಹೋದ.