ಖಾಲಿ ಹೊಟ್ಟೆಯಲ್ಲಿ ಹತ್ತಿದವರು

ಅಧ್ಯಕ್ಷರೇ, ವೇದಿಕೆಯ ಮೇಲಿರುವ ಅತಿಥಿಗಳೇ, ಬಣ್ಣದ ಕೆಲಸದ ಅಣ್ಣತಮ್ಮಂದಿರೇ, ಅವರ ಹೆಂಡತಿಯರೇ, ಸಭಿಕರೇ,

ಸನ್ಮಾನ ನಮ್ಮ ಯಜಮಾನರಿಗೆ, ಮೈಕಿನ ಮುಂದೆ ನಿಂತವಳು ನಾನು. ನಡುವಿನ ಕುರ್ಚಿ ಖಾಲಿ ಇದೆಯೆಂದು ನೀವು ಗುಸುಗುಸು ಮಾತಾಡುತ್ತಿದ್ದೀರಿ. ಅವರು ಬಂದಿದ್ದಾರೆ. ಈ ಪರದೆಯ ಹಿಂದಿನ ಕೋಣೆಯಲ್ಲಿ ಕೂತಿದ್ದಾರೆ. ನಮ್ಮ ಮಗಳು ಊಟದ ಡಬ್ಬಿ ಹಿಡಿದು ಎದುರಿಗೆ ಕೂತಿದ್ದಾಳೆ. ಅವರು ಉಣ್ಣಬೇಕು. ಉಂಡು ಮೈ ತುಂಬಿಕೊಂಡರೆ ಮಾತ್ರ ಎಡಭುಜದ ಆಪರೇಷನ್, ಇಲ್ಲದಿದ್ದರೆ ಕತ್ತರಿ ಹಾಕುವುದಿಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದಾರೆ. ಬಲಭುಜದ ಕಥೆ ಆಗಲೇ ಮುಗಿದಿದೆ.

ಮೈಕು ಒಳಗೂ ಕೇಳುತ್ತದೆ. ಕೇಳಲಿ.

ಈಗಷ್ಟೇ ನೀವೆಲ್ಲ ಅವರನ್ನು ಹೊಗಳಿದಿರಿ. ಚಿತ್ರಮಂದಿರದ ನೆತ್ತಿಯ ಮೇಲೆ ಆಳೆತ್ತರದ ಅಕ್ಷರ ಬರೆದವರು ಎಂದಿರಿ. ಬರೆದವರು ಅವರು, ನಿಜ. ತಿದ್ದಿದವಳು ನಾನು. ಹೈಸ್ಕೂಲು ಮುಗಿಸಿದವಳು ಮನೆಯಲ್ಲಿ ನಾನೊಬ್ಬಳೇ. ಕೆಳಗೆ ನಿಂತು "ರೀ, ಒಂದಕ್ಷರ ನುಂಗಿಬಿಟ್ರಿ!" ಎಂದು ಕೂಗಿದರೆ, "ಹಸಿವಾಗಿತ್ತು ಕಣೇ!" ಎಂದು ಮೇಲಿನಿಂದ ಉತ್ತರ ಬರುತ್ತಿತ್ತು.

ಹಸಿವೆಯೇನು ಸುಳ್ಳಲ್ಲ. ಈ ಕಸುಬಿನ ಕಟ್ಟುಪಾಡನ್ನು ನಾನು ನಿಮಗೆ ಹೇಳಬೇಕೆ? ಮೇಲೆ ಹತ್ತುವವನು ಉಣ್ಣಬಾರದು. ಹೊಟ್ಟೆ ತುಂಬಿದರೆ ಕಾಲು ಭಾರ, ತಲೆ ಮಂಪರು. ಅರ್ಧ ಲೋಟ ಚಹಾ ಕುಡಿದು ಹತ್ತುವುದು, ಇಳಿದ ಮೇಲೆ ಉಣ್ಣುವುದು. ಅವರು ಇಳಿಯುವ ತನಕ ನಾನೂ ತಟ್ಟೆ ಮುಟ್ಟಿದವಳಲ್ಲ. ಇಂದಿಗೂ ಅವರು ಉಣ್ಣದೆ ನಾನು... ಇರಲಿ, ಅದು ಇಲ್ಲಿಯ ಮಾತಲ್ಲ.

ಬಲಭುಜದಲ್ಲಿ ಸ್ನಾಯುವನ್ನು ಮೂಳೆಗೆ ಬಿಗಿದಿಡುವ ಪಟ್ಟಿ ಹರಿದಾಗ ಆಸ್ಪತ್ರೆಯವರು ಏನೆಂದರು? ಮೊದಲು ಚೆನ್ನಾಗಿ ತಿನ್ನಿಸಿ, ಆಮೇಲೆ ಹೊಲಿಯುತ್ತೇವೆ ಎಂದರು. ಮೊಟ್ಟೆ, ಹಾಲು, ಬೇಳೆ, ಮೀನು, ಯಾವುದು ಒಗ್ಗುತ್ತದೋ ಅದು. ವಯಸ್ಸಾದವರ ಗಾಯ ಮಾಯುವುದು ನಿಧಾನ, ಮೈಯಲ್ಲಿ ಸತ್ವ ಇಲ್ಲದಿದ್ದರೆ ಹೊಲಿದದ್ದು ಕೂಡಿಕೊಳ್ಳುವುದಿಲ್ಲ ಎಂದು ಬಿಡಿಸಿ ಹೇಳಿದರು. ಆಪರೇಷನ್ನಿನ ದಿನ ಮಾತ್ರ ಖಾಲಿ ಹೊಟ್ಟೆಯಲ್ಲಿ ಬನ್ನಿ ಎಂದರು. ಇಷ್ಟು ಮಾತಿನಲ್ಲಿ ನಮ್ಮವರ ಕಿವಿಗೆ ಬಿದ್ದದ್ದು ಯಾವುದು? ಆ ಕೊನೆಯದೊಂದೇ!

"ನೋಡೇ, ಡಾಕ್ಟರಿಗೂ ನಮ್ಮ ಕಸುಬು ಗೊತ್ತು. ಖಾಲಿ ಹೊಟ್ಟೇಲಿ ಬಾ ಅಂದ್ರು."

"ಅದು ಆ ದಿನಕ್ಕೆ ಮಾತ್ರ ರೀ."

"ಒಂದೇ ದಿನಕ್ಕೆ ಮೈ ಹಗುರ ಆಗುತ್ತಾ? ಈಗಿಂದಲೇ ಅಭ್ಯಾಸ ಮಾಡ್ಬೇಕು."

ನೋಡಲು ಬಂದ ನೀವಾದರೂ ಬುದ್ಧಿ ಹೇಳಿದಿರಾ? ಮುಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿರುವ ಮೈದುನನೇ, 'ಏಣಿ' ಎಂದು ಎಲ್ಲರೂ ಕರೆಯುವ ನೀನು ಅಂದು ಏನೆಂದೆ? "ಅತ್ತಿಗೆ, ಅಣ್ಣ ಯಾವತ್ತಾದ್ರೂ ಉಂಡು ಹತ್ತಿದ್ದುಂಟಾ? ಬಲವಂತ ಮಾಡ್ಬೇಡಿ" ಎಂದೆ. ಅವರು ಎದೆಯುಬ್ಬಿಸಿದರು. ಉಬ್ಬಿಸಲು ಆ ಎದೆಯಲ್ಲಿ ಮೂಳೆ ಬಿಟ್ಟು ಏನಿತ್ತು?

ಆಪರೇಷನ್ ಆಯಿತು. ಕೈಯನ್ನು ಪಟ್ಟಿಯಲ್ಲಿ ಕುತ್ತಿಗೆಗೆ ನೇತುಹಾಕಿ ಕಳಿಸಿದರು. ಪಟ್ಟಿ ಬಿಚ್ಚುವ ಹೊತ್ತಿಗೆ ಒಳಗೆ ಹೊಲಿದದ್ದು ಮತ್ತೆ ಹರಿದಿತ್ತು. "ದಾರ ಗಟ್ಟಿಯಾಗೇ ಇದೆ ಅಜ್ಜಾ. ಹೊಲಿಗೆ ಹಿಡ್ಕೊಳ್ಳೋಕೆ ಬಟ್ಟೇಲಿ ಜೀವ ಇರ್ಬೇಕಲ್ಲ?" ಎಂದರು ಡಾಕ್ಟರು. ಇನ್ನೊಮ್ಮೆ ಹೊಲಿಯಲು ಅಲ್ಲಿ ಏನೂ ಉಳಿದಿಲ್ಲವಂತೆ.

ಎಲ್ಲ ಭಾರವೂ ಎಡಗೈಗೆ ಬಿತ್ತು. ಈಗ ಅದೂ ಹರಿದಿದೆ. ಬುದ್ಧಿ ಬಂತು, ಉಣ್ಣುತ್ತೇನೆ ಎಂದರು. ಆದರೆ ಉಣ್ಣುವುದು ಹೇಗೆ? ಕೈ ಬಾಯಿಯ ತನಕ ಏರುವುದಿಲ್ಲ. ಬೇರೆಯವರು ತುತ್ತು ಕೊಟ್ಟರೆ ಹಲ್ಲು ಕಚ್ಚಿಕೊಳ್ಳುತ್ತಾರೆ. "ನಾನೇನು ಕೂಸಾ?" ಎನ್ನುತ್ತಾರೆ. ಅಂದು ಹಟಕ್ಕೆ ಉಣ್ಣಲಿಲ್ಲ, ಇಂದು ನಾಚಿಕೆಗೆ ಉಣ್ಣುವುದಿಲ್ಲ. ಆ ಮೈಗೆ ಇದರ ವ್ಯತ್ಯಾಸ ತಿಳಿಯುತ್ತದೆಯೆ? ಅದು ಕರಗುತ್ತಲೇ ಇದೆ.

ಇದನ್ನೆಲ್ಲ ತುಂಬಿದ ಸಭೆಯಲ್ಲಿ ಆಡಿದ್ದಕ್ಕೆ ಅವರು ನನ್ನನ್ನು ಕ್ಷಮಿಸುವುದಿಲ್ಲ. ಮನೆಯ ಮಾತನ್ನು ಹೊಸಿಲು ದಾಟಿಸಿದವಳಲ್ಲ ನಾನು. ಇಂದು ದಾಟಿಸಿದೆ. ಎಲ್ಲರಿಗೂ ಗೊತ್ತಾದ ಮೇಲೆ ಮುಚ್ಚಿಡಲು ಏನಿರುತ್ತದೆ? ಆಗಲಾದರೂ ಬಾಯಿ ತೆರೆದಾರು ಎಂದುಕೊಂಡೆ.

ಮಗಳು ಪರದೆ ಸರಿಸಿದ್ದಾಳೆ. ಏನಮ್ಮಾ? ... ಒಂದು ತುತ್ತೂ ಹೋಗಿಲ್ಲವಂತೆ. ಲೈಟು ಆರಿಸಿ ಆಚೆ ಹೋಗು ಎಂದರಂತೆ.

ಸನ್ಮಾನಪತ್ರವನ್ನು ಆ ಕುರ್ಚಿಯ ಮೇಲೆಯೇ ಇಡಿ ಅಧ್ಯಕ್ಷರೇ. ಕರೆದು ಗೌರವಿಸಿದ ಸಂಘಕ್ಕೆ ನಮ್ಮಿಬ್ಬರ ಕೃತಜ್ಞತೆ. ನಾನು ಒಳಗೆ ಹೋಗುತ್ತೇನೆ. ಕತ್ತಲಲ್ಲಿ ತುತ್ತು ಕೊಡುವವಳ ಮುಖ ಅವರಿಗೆ ಕಾಣಿಸುವುದಿಲ್ಲ, ಅವರ ಮುಖ ನನಗೂ ಕಾಣಿಸುವುದಿಲ್ಲ. ಅಷ್ಟು ಹೊತ್ತು ಯಾರೂ ಆ ಕೋಣೆಯ ಬಾಗಿಲು ತೆರೆಯಬೇಡಿ.

ನಮಸ್ಕಾರ.