ಹನ್ನೊಂದು ಗಂಟೆಯ ಫೋನು

ಹಲೋ... ಹಲೋ? ಯಾರು ಮಾತಾಡೋದು?

...

ಇಲ್ಲ, ನಾ ಮಾಡಿದ್ದು ರಾಮವ್ವಕ್ಕನ ನಂಬರಿಗೆ. ಆಕಿ ಹೊಳ್ಯಾಗ ಕೊಚ್ಚಿ ಹೋದ ಮ್ಯಾಲ ಎರಡು ವರ್ಷ ಬಂದ್ ಇತ್ತು ಇದು. ಇವತ್ತ ರಿಂಗಾತು... ನೀ ಯಾರವ್ವಾ?

...

ಭಾಗ್ಯಾ? ಆಕಿ ಮಗಳು ಭಾಗ್ಯಾ?... ಅಯ್ಯ ಶಿವನ. "ಹಾಂ, ಹೇಳ್ರಿ" ಅಂದಿಯಲ್ಲ, ನಿಮ್ಮವ್ವನ ಅಂದಂಗಾತು. ನಾ ಗುರಲಿಂಗಪ್ಪ. ಸೇತುವಿ ಹತ್ರ ನೀರಿನ ಗೇಜು, ಅಳತಿ ಕಂಬ, ನೋಡಾಂವ.

...

ಹಾಂ, ಕಾಕಾನ. ನಿಮ್ಮಪ್ಪ ಇದ ನಂಬರಿನ ಹೊಸಾ ಸಿಮ್ ತಗಸಿದ್ನಾ? ರೀಚಾರ್ಜ್ ಬಿಟ್ಟಿರಲೇ ಇಲ್ಲ? ಪೆಟಿಗ್ಯಾಗ ಇಟ್ಟಿದ್ನಾ?... ಗೊತ್ತಿರಲಿಲ್ಲ ನನಗ. ನೀರು ಬಂದಾಗೊಮ್ಮೆ ಈ ನಂಬರ್ ಒತ್ತತೇನಿ. ಯಾಕಂತ ಕೇಳಬ್ಯಾಡ. ಈಗ ಎಲ್ಲಿದ್ದಿ ನೀ?

...

ನಡುಗಡ್ಡ್ಯಾಗ? ಪಟ್ಟದಕಲ್ಲಿನ ಕೆಳಗ, ನಿಮ್ಮವ್ವ ಕುರಿ ಬಿಡ್ತಿದ್ದ ಅದ ನಡುಗಡ್ಡ್ಯಾಗ? ಒಬ್ಬಾಕಿನ?... ಭಾಗ್ಯಾ, ಕೇಳು. ಗೇಜಿಗೆ ನೀರು ಬಂದಾವು. ಮ್ಯಾಲ ಡ್ಯಾಮಿನ ಗೇಟು ತಗದಾರ. ಕುರಿ ಎಬ್ಬಿಸು, ದಂಡಿಗೆ ಹತ್ತು.

...

ಬಿಸಿಲು ಐತಿ, ಗೊತ್ತೈತಿ. ಇಲ್ಲೂ ಮೋಡ ಇಲ್ಲ. ಮಳಿ ಆಗಿದ್ದು ಅಲ್ಲಿ, ಖಾನಾಪುರದ ಅಡವ್ಯಾಗ. ಮಿರಗದ ಮಳಿಯಿಂದ ಇಲ್ಲೀತನಕ ಬಂದ ನೀರೆಲ್ಲ ಡ್ಯಾಮು ಹಿಡಕೊಂಡು ಕುಂತಿತ್ತು, ಕಾಲುವಿಗೆ ಹೊಂಟಿತ್ತು, ನಮ್ಮ ಹೊಳಿಗೆ ಹನಿ ಬಿಟ್ಟಿರಲಿಲ್ಲ. ಮೊದಲಿನ ಹೊಳಿ ಆಗಿದ್ರ ಈ ಶ್ರಾವಣದಾಗ ನಡುಗಡ್ಡಿಗೆ ಯಾರು ಇಳೀತಿದ್ರು? ಈಗ ಡ್ಯಾಮಿಗೆ ಹಿಡಿಸವಲ್ದು, ಒಮ್ಮೆಲೆ ಬಿಟ್ಟಾರ. ನಡಿ.

...

ಮೂರು ತಾಸು? ಯಾರು ಹೇಳಿದ್ರು ಮೂರು ತಾಸು ಐತಿ ಅಂತ?

...

ನಾನ... ಹೌದು. ನಾನ ಹೇಳಿದ್ದು. "ಹನ್ನೊಂದಕ್ಕ ಫೋನ್ ಮಾಡಿದೆ, ನೀರು ನಡುಗಡ್ಡಿ ಮುಟ್ಟಿದ್ದು ಎರಡಕ್ಕ, ಮೂರು ತಾಸಿನ್ಯಾಗ ಆಕಿ ಏಳಲಿಲ್ಲ." ಊರಿಗೆಲ್ಲ ಹೇಳಿದೆ. ಆದರ ಅದನ್ನ ಈಗ ಲೆಕ್ಕಕ್ಕ ಹಿಡೀಬ್ಯಾಡ. ಎದ್ದು ನಡಿ ಮೊದಲ.

...

ಉಂಡು ಬರ್ತಿಯಾ? ಬುತ್ತಿ ಅಲ್ಲೇ ಬಿಡು!

...

ಮೂರು ತಾಸು ಇಲ್ಲ ಯವ್ವಾ. ಅವತ್ತೂ ಇರಲಿಲ್ಲ... ಸುಳ್ಳು ಹೇಳಿದ್ದೆ. ಹನ್ನೊಂದಕ್ಕ ನಾ ಫೋನ್ ಮಾಡಿರಲೇ ಇಲ್ಲ. ಕೇಳಸ್ತ? ಎರಡು ಹೊಡ್ಯಾಕ ಹದಿನೈದು ನಿಮಿಷ ಇದ್ದಾಗ ಮಾಡಿದೆ. ನಿಮ್ಮವ್ವಗ ಸಿಕ್ಕಿದ್ದು ಅಷ್ಟ. ನಿನಗೂ ಅಷ್ಟ ಐತಿ, ಅದರಾಗ ನಾಕು ನಿಮಿಷ ಮಾತಿನ್ಯಾಗ ಹೋದವು.

...

ಭಾಗ್ಯಾ?... ಬೈ. ಬೇಕಾದ್ದು ಬೈ, ಆದರ ನಡಕೋತ ಬೈ. ಟಗರಿಗೆ ಗಂಟಿ ಕಟ್ಟೀರಿ? ಅದನ್ನ ಮುಂದ ಬಿಡು. ಸಣ್ಣ ಮರಿ ಎಷ್ಟು?... ಐದು? ಕಂಬಳ್ಯಾಗ ಹಾಕ್ಕೋ. ಹಳೇ ಹಾದಿ ಬ್ಯಾಡ, ಅಲ್ಲಿ ತಗ್ಗೈತಿ, ನೀರು ಮೊದಲ ಅಲ್ಲೇ ಹೊಕ್ಕತೈತಿ. ಕಬ್ಬಿನ ಹೊಲದ ಕಡೆ ಹತ್ತು.

...

ಹಾಂ, ಗಂಟಿ ಕೇಳಾಕತ್ತೈತಿ. ಹಂಗ ನಡಿ.

...

ಯಾಕ?... ಯಾಕಂತ ಏನು ಹೇಳ್ಲಿ. ಅವತ್ತ ಗೇಟು ತಗದ ಸುದ್ದಿ ಹಿಂದಿನ ದಿನಾನ ಬಂದಿತ್ತು. ನಾ ಸಣ್ಣಾಂವ ಇದ್ದಾಗಿಂದ ಈ ಹೊಳಿ ನೋಡೇನಿ. ಮ್ಯಾಲಿನ ಮಳಿ ನೀರು ಬರೂದು ತಿಳೀತಿತ್ತು. ಕೆಂಪಗ ಬರ್ತಿತ್ತು, ನೊರಿ ತರ್ತಿತ್ತು, ಕಸಾ ಕಡ್ಡಿ ತರ್ತಿತ್ತು. ಬೆರಳು ಬೆರಳು ಏರಾಕ ಒಂದು ದಿನಾ ಹಿಡೀತಿತ್ತು. ಅದನ್ನ ನಂಬಿದೆ. ಹನ್ನೊಂದಕ್ಕ ನೋಡಿದ್ರ ಗೇಜಿನ ಬುಡ ಒಣಾ ಇತ್ತು. ಬಂದ್ರೂ ಸಂಜಿತನಕ ಟೈಮ್ ಐತಿ ಅಂತ ಮನಿಗೆ ಹೋಗಿ ಉಂಡೆ. ಉಂಡು ಅಡ್ಡಾದೆ... ನಿದ್ದಿ ಹತ್ತಿತು ಭಾಗ್ಯಾ.

...

ಎದ್ದು ಬರೂದ್ರಾಗ ನಾಕನೇ ಗೆರಿ ಮುಳುಗಿತ್ತು. ಸಪ್ಪಳಿಲ್ಲ. ತಿಳಿ ನೀರು. ನಮ್ಮ ಹೊಳಿ ನೀರಿನಂಗ ಇರಲೇ ಇಲ್ಲ ಅದು. ಅವಾಗ ಮಾಡಿದೆ ಫೋನು. ಆಮ್ಯಾಲ ರಿಜಿಸ್ಟರದಾಗ ಹನ್ನೊಂದು ಅಂತ ಬರದೆ. ಇವತ್ತ ಮುಂಜಾನಿಂದ ಗೇಜು ಬಿಟ್ಟು ಎದ್ದಿಲ್ಲ ನಾ.

...

ಎಲ್ಲಿ ಬಂದಿ?... ಹತ್ತಿದಿ? ಎಲ್ಲಾ ಹತ್ತಿದ್ವ? ಎಣಸು.

...

ಒಂದು ಮರಿ? ಕಂಬಳ್ಯಾಗಿಂದ ಬಿತ್ತಾ?... ಇಳೀಬ್ಯಾಡ! ಕೈ ಮುಗೀತೇನಿ, ಇಳೀಬ್ಯಾಡ. ನಿಮ್ಮವ್ವನೂ ದಂಡಿ ಹತ್ತಿದ್ಲು. ಒಂದ ಮರಿ ಸಲುವಾಗಿ ತಿರುಗಿ ಇಳದ್ಲು. ಹೋಗ್ಲಿ ಬಿಡು ಅದು... ಹೋಗ್ಲಿ.

...

ಹಲೋ? ಮಾತಾಡು... ಭಾಗ್ಯಾ? ಭಾಗ್ಯಾ?

...

ಬಂತು?... ಕಾಣಾಕತ್ತೈತಿ? ಹಾಂ. ಹಂಗ ಬರತೈತಿ ಅದು, ಚಾಪಿ ಬಿಚ್ಚಿದಂಗ. ನೀ ದಂಡಿ ಮ್ಯಾಲ ಇದ್ದಿ, ಹೌದಲ್ಲ? ಖರೆ ಹೇಳು... ಅಳಬ್ಯಾಡ. ಅಳು, ಆದರ ಇನ್ನೂ ಹತ್ತು ಹೆಜ್ಜಿ ಹಿಂದ ಸರಿ.

...

ನಿಮ್ಮಪ್ಪಗ?... ಗೊತ್ತೈತಿ. "ಮೊಂಡ ಹೆಂಗಸು, ಹೇಳಿದ್ದು ಕೇಳಲಿಲ್ಲ" ಅಂತಾನ. ಬೀರಪ್ಪನ ಗುಡಿ ಕಟ್ಟಿ ಮ್ಯಾಲ ನನ್ನ ಮುಂದನ ಅಂದ. ನಾ ಬಾಜೂಕ ಕುಂತು ಚಹಾ ಕುಡದೆ... ಇವತ್ತ ಬರ್ತೇನಿ. ನೀ ಹೇಳಬ್ಯಾಡ, ನಿಮ್ಮಪ್ಪ ನಿಂಗರಾಜಣ್ಣ ನನ್ನ ಬಾಯಿಂದನ ಕೇಳ್ಲಿ. ಬಡದ್ರ ಬಡೀಲಿ. ಆಫೀಸಿನ್ಯಾಗೂ ಖರೆ ಟೈಮ್ ಬರದು ಕೊಡತೇನಿ, ಕೆಲಸ ಹೋದ್ರ ಹೋಗ್ಲಿ.

...

ಯಾರು? ನಿಮ್ಮವ್ವ?... ಅವತ್ತ ಫೋನಿನ್ಯಾಗ ಏನಂದ್ಲು ಅಂತನಾ?

...

"ಯಾಕ ತಡಾ ಮಾಡಿದಿ" ಅನ್ನಲಿಲ್ಲ. ಫೋನು ಕಿವಿಗೆ ಹಿಡಕೊಂಡ ಕುರಿ ಹೊಡದ್ಲು. ದಂಡಿ ಹತ್ತಿ, "ಒಂದು ಮರಿ ಉಳದೈತಿ ತಮ್ಮಾ, ತರ್ತೇನಿ. ನೀ ಫೋನ್ ಇಡಬ್ಯಾಡ, ಗೇಜು ಎಷ್ಟು ಏರಿತು ಹೇಳ್ಕೋತ ಇರು" ಅಂದ್ಲು.

...

ಗೇಜು ನನ್ನ ಕಣ್ಣ ಮುಂದ ಏರಾಕತ್ತಿತ್ತು. ಐದು. ಆರು. ಬಾಯಿ ಬರಲಿಲ್ಲ ನನಗ... ಕಟ್ ಮಾಡಿದೆ. ನಾನ ಕಟ್ ಮಾಡಿದೆ ಭಾಗ್ಯಾ.

...

ಹಲೋ?... ಹಲೋ, ಭಾಗ್ಯಾ, ನೀ ಏನರೆ ಅನ್ನು, ಕಟ್ ಮಾಡಬ್ಯಾ...