ಹಳದಿ ಬಳಿದ ಜಲಸಂಧಿ

ಬಸ್ ನಿಲ್ದಾಣದ ಬೆಂಚಿನಲ್ಲಿ ನನ್ನ ಪಕ್ಕ ಇಬ್ಬರು ಹೆಂಗಸರು ಕೂತಿದ್ದರು. ಇಬ್ಬರ ಕೊರಳಲ್ಲೂ ಎದುರಿನ ಸಾಗರ ಭದ್ರತಾ ಅಧ್ಯಯನ ಸಂಸ್ಥೆಯ ಗುರುತಿನ ಚೀಟಿ. ಹಿರಿಯಾಕೆ ಚಪ್ಪಲಿ ಕಳಚಿ ಪಾದ ಒತ್ತಿಕೊಳ್ಳುತ್ತಿದ್ದರು.

“ಹಡಗು ದಾರಿಗಳ ನಕ್ಷೆ ಅಚ್ಚಾಗಿ ಬಂತಂತೆ?”

“ಬಂತು ಮೇಡಂ. ಆ ಜಲಸಂಧಿಗೆ ನಾನು ಅಪಾಯ ಅಂತ ಕೆಂಪು ಬಳಿದಿದ್ದೆ. ಡೈರೆಕ್ಟರ್ ಹಳದಿ ಮಾಡಿಸಿದ್ರು.”

“ಮತ್ತಿನ್ನೇನು? ಆ ಜಲಸಂಧಿ ದಡದ ದೇಶದವರೇ ಮುಂದಿನ ವಾರ ನಮ್ಮ ವಿಚಾರ ಸಂಕಿರಣಕ್ಕೆ ಬರ್ತಿದಾರೆ. ಕೆಂಪು ನೋಡಿದ್ರೆ ಮುಖ ಊದಿಸ್ಕೊಳ್ತಾರೆ.”

“ನಾನೂ ಜಗಳ ಆಡೋಕೆ ಹೋಗ್ಲಿಲ್ಲ. ಸಾಕಾಗಿತ್ತು.”

“ಇಷ್ಟು ವರ್ಷ ಜಗಳ ಆಡಿ ನಾನು ಕಡಿದು ಕಟ್ಟೆ ಹಾಕಿದ್ದು ಅಷ್ಟರಲ್ಲೇ ಇದೆ, ಬಿಡು. ನಿನ್ನ ತಮ್ಮನ ಹಡಗು ಎಲ್ಲಿಗೆ ಬಂತು?”

“ನಾಳೆ ಅದೇ ಜಲಸಂಧಿ ದಾಟುತ್ತೆ.”

ಹಿರಿಯಾಕೆಯ ಕೈ ಪಾದದ ಮೇಲೇ ನಿಂತಿತು.

“ಅಮ್ಮಂಗೆ ಗೊತ್ತಾ?”

“ಗೊತ್ತು. ನಮ್ಮ ನಕ್ಷೇನೇ ಫ್ರಿಜ್ಜಿಗೆ ಅಂಟಿಸ್ಕೊಂಡಿದಾಳೆ. ಹೋಗ್ತಾ ಬರ್ತಾ, ‘ಹಳದಿ ಅಂದ್ರೆ ಅಷ್ಟೇನೂ ಭಯ ಇಲ್ಲ ಅಲ್ವೇನೇ?’ ಅಂತಾಳೆ.”

“ನೀನೇನಂತೀಯ?”

“ಭಯ ಇಲ್ಲಮ್ಮ, ಮಲ್ಕೋ ಅಂತೀನಿ.”

ಬಸ್ಸು ಬಂತು. ಹಿರಿಯಾಕೆ ಚಪ್ಪಲಿ ಮೆಟ್ಟಿಕೊಂಡು, ಕಿರಿಯಾಕೆಯ ಊಟದ ಚೀಲವನ್ನೂ ತಾವೇ ಎತ್ತಿಕೊಂಡು ಹತ್ತಿದರು.